ಉಗ್ರಾಣದ ಬಾಗಿಲ ಮಣೆ

"ಮೊದಲಿನಿಂದ ದುಡಿದವರನ್ನ ಎಬ್ಬಿಸಿ, ಆಮೇಲೆ ಬಂದವರನ್ನ ಅದೇ ಜಾಗದಲ್ಲಿ ಕೂರಿಸೋದು ಯಾವ ನ್ಯಾಯ ಮೇಷ್ಟ್ರೇ?" ಎಂದು ವಾರಿಜಾ ಕೇಳಿದಳು.

ಕೇಳಿದ್ದು ರಕ್ತಕಣದ ವಿಷಯ. ಚಿದಂಬರಯ್ಯ ಮೇಷ್ಟ್ರು ಅಂದು ಅದನ್ನೇ ಪಾಠ ಮಾಡಿದ್ದರು. ಪ್ರತಿ ಕಣದಲ್ಲೂ ಎಲ್ಲ ಜೀನುಗಳೂ ಇರುತ್ತವೆ. ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಹೇಳಲು ಕೆಲವು ಪ್ರೋಟೀನುಗಳು ಬಂದು ಅವುಗಳ ಮೇಲೆ ಕೂರುತ್ತವೆ. ಗಾಟಾ-2 ಎಂಬುದು ಕೂತಿರುವಷ್ಟು ಹೊತ್ತು ಎಳೆಯ ಕಣಗಳು ಒಂದು ಎರಡಾಗುತ್ತಲೇ ಇರುತ್ತವೆ. ಅದು ಎದ್ದು, ಅದೇ ಜಾಗದಲ್ಲಿ ಗಾಟಾ-1 ಕೂತರೆ ಮಾತ್ರ ಬಲಿತು ಕೆಂಪಾಗುತ್ತವೆ.

ಅದೆಲ್ಲ ವಾರಿಜಾಗೆ ಅರ್ಥವಾಗಿತ್ತು. ಅವಳ ಸಂಕಟ ಬೇರೆ. ಪ್ರಯೋಗಾಲಯದಲ್ಲಿ ಎಳೆಯ ಕಣಗಳನ್ನು ಸಾಕಿ ಬೆಳೆಸಿದವಳು ಅವಳು. ಅವನ್ನು ಕೆಂಪಾಗಿಸುವ ಕೆಲಸ ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಇಮ್ತಿಯಾಜನಿಗೆ ಬಿಡು ಎಂದಿದ್ದರು ಮೇಷ್ಟ್ರು. ಅವನನ್ನು ಕರೆಸಿಕೊಳ್ಳೋಣ ಎಂದಿದ್ದವಳೂ ಅವಳೇ. ಆದರೂ ಕಣಗಳ ತಟ್ಟೆ ಕೊಡಲು ಮನಸ್ಸು ಬರಲಿಲ್ಲ.

ಮೇಷ್ಟ್ರು ನಕ್ಕು, ಒಂದು ಮದುವೆಮನೆಯ ಕತೆ ಹೇಳಿದರು.

ಒಬ್ಬ ಯಜಮಾನ ಮಗಳ ಮದುವೆ ಮಾಡಿದ. ಅವನ ಮನೆಯ ಉಗ್ರಾಣದ ಬಾಗಿಲಲ್ಲಿ ಒಂದೇ ಮಣೆ. ಅದರ ಮೇಲೆ ಕೂತವರು ಹೇಳದೆ ಒಂದು ಕಾಳೂ ಆಚೆ ಹೋಗುವಂತಿಲ್ಲ. ಆ ಮನೆಯ ಪದ್ಧತಿ ಹಾಗೆ. ಮೊದಲು ಕೂತವಳು ಯಜಮಾನನ ಅಕ್ಕ. ಬಲು ಗಟ್ಟಿಗಿತ್ತಿ. ಕುಂಬಳಕಾಯಿ ಹೆಚ್ಚಿಸಿದಳು, ತೆಂಗಿನಕಾಯಿ ತುರಿಸಿದಳು, ಕೈ ಸಾಲದೆ ಇನ್ನಷ್ಟು ಜನರನ್ನು ಕರೆದಳು. ಎಲ್ಲ ಒಂದು ಹದಕ್ಕೆ ಬಂದಾಗ ಅಡುಗೆಯವನಿಗೆ ಹೇಳಿಕಳಿಸಿದವಳೂ ಅವಳೇ.

ಅಡುಗೆಯವನು ಬಂದ. ಅಕ್ಕ ಏಳಲಿಲ್ಲ. ಇನ್ನೂ ಹೆಚ್ಚಿ, ಇನ್ನೂ ಹೆಚ್ಚಿ ಎಂದಳು. ಹೋಳು ರಾಶಿ ಬಿತ್ತು. ಒಲೆಯ ಮೇಲೆ ಒಂದು ಪಾತ್ರೆಯಿಲ್ಲ. ಮುಹೂರ್ತ ಮುಗಿಯಿತು. ಬೀಗರು ಒಳಗೆ ಇಣುಕತೊಡಗಿದರು. ಅವರು ಹಸಿದು ಎದ್ದುಹೋದರೆ ಹುಡುಗಿ ಬದುಕಿಡೀ ಆ ಮಾತು ಕೇಳಬೇಕು. ಅಯ್ಯೋ, ಆ ತಂದೆಯ ಮುಖ ನೋಡುವಂತಿರಲಿಲ್ಲ!

"ಅಕ್ಕಾ, ನೀವು ಹೆಚ್ಚಿಸಿದ್ದನ್ನ ಬೇಯಿಸೋಕೆ ತಾನೇ ನನ್ನ ಕರೆಸಿದ್ದು?" ಎಂದ ಅಡುಗೆಯವನು.

ಅಕ್ಕ ಹೋಳಿನ ರಾಶಿಯನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವನು ಕೂತವನೇ ಈಳಿಗೆಮಣೆಗಳನ್ನು ಎತ್ತಿಡಿಸಿದ. ಅಕ್ಕಿ, ಬೇಳೆ, ತುಪ್ಪ ತೆಗೆಸಿ, ಮಿಕ್ಕ ಮೂಟೆಗಳ ಬಾಯಿ ಕಟ್ಟಿಸಿದ. ಹುಳಿ ಕುದಿಯಿತು. ಅದರ ಘಮ ಚಪ್ಪರ ಮುಟ್ಟಿದ್ದೇ ತಡ, ಬೀಗರು ತಣ್ಣಗಾದರು.

ವಾರಿಜಾ ತಡೆಯಲಾರದೆ, "ಅಂತೂ ಮಣೆ ಅವನಿಗೇ ದಕ್ಕಿತು ಬಿಡಿ!" ಎಂದಳು.

ಮೇಷ್ಟ್ರು ಕತೆ ಮುಂದುವರಿಸಿದರು. ಪಂಕ್ತಿಗೆ ಜಾಗ ಸಾಲಲಿಲ್ಲ. ಅಡುಗೆಯವನೇ ಉಗ್ರಾಣ ಖಾಲಿ ಮಾಡಿಸಿ, ಅಲ್ಲೂ ಎಲೆ ಹಾಕಿಸಿದ. ಬಲಿತ ರಕ್ತಕಣ ಮಾಡುವುದೂ ಅದನ್ನೇ. ಉಸಿರಿನ ಆಮ್ಲಜನಕ ಹೊರಲು ಜಾಗ ಬೇಕೆಂದು ತನ್ನ ಜೀನುಗಳ ಗಂಟನ್ನೇ ಆಚೆ ಹಾಕುತ್ತದೆ. ಅಕ್ಕನೂ ಅಡುಗೆಯವನೂ ಸೇರಿ ಬಡಿಸಿದರು. ಬೀಗರು ಹೊಟ್ಟೆತುಂಬ ಉಂಡು ಹುಡುಗಿಯನ್ನು ನಗುನಗುತ್ತ ಕರೆದೊಯ್ದರು.

"ಮತ್ತೆ ಆ ಮಣೆ?"

"ಊಟದ ಹೊತ್ತಿಗೆ ಅದು ಹಿತ್ತಿಲಲ್ಲಿ ಬಿದ್ದಿತ್ತು, ತಾಯಿ."

ವಾರಿಜಾ ಕಣಗಳ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಮ್ತಿಯಾಜನ ಮೇಜಿನತ್ತ ನಡೆದಳು.