ಬಿಚ್ಚವ್ವನ ಬಂಡೆ

ಕಾರಿಗುಂಡ ಎಂಬ ಊರ ಹಿಂದೆ ಮಲಗಿದ ಆನೆಯಂತೆ ಕಾಣುವ ಬಂಡೆಯ ನೆತ್ತಿಯಲ್ಲಿ ಒಂದು ಗೋಣಿಮರವಿದೆ. ಅದರ ತುಂಬ ಹರಕೆಯ ಬಟ್ಟೆ: ಕೆಲಸ ಸಿಗಲೆಂದು ಕಟ್ಟಿದ್ದು, ಪರೀಕ್ಷೆ ಪಾಸಾಗಲೆಂದು ಕಟ್ಟಿದ್ದು. ಪುಸ್ತಕದ ಮುಖ ನೋಡದವರೇ ಗಂಟನ್ನು ಬಲು ಬಿಗಿಯಾಗಿ ಹಾಕುತ್ತಾರೆ. ಈ ಬಂಡೆಗೆ ಹೆಸರು ಬಂದದ್ದು ಹೇಗೆಂದು ಗೊತ್ತಿದ್ದರೆ ಅವರು ಅಷ್ಟು ಸುಲಭವಾಗಿ ಕಟ್ಟುತ್ತಿರಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎನ್ನುತ್ತಾರೆ, ಇಲ್ಲಿ ಕೆಂಚವ್ವ ಎಂಬ ಹುಡುಗಿಯಿದ್ದಳು. ಹಗ್ಗದಲ್ಲಿ ಇಳಿದು ಬಂಡೆಯ ಹೆಜ್ಜೇನು ಕೀಳುವುದು ಅವಳ ಅಪ್ಪನ ಹಕ್ಕು. ಅಪ್ಪ ಸತ್ತ. ಯುಗಾದಿಯೊಳಗೆ ಆ ಮನೆಯವರು ಊರಮ್ಮನ ಗುಡಿಗೆ ಜೇನು ತರದಿದ್ದರೆ ಹಕ್ಕು ಬೇರೆ ಮನೆಗೆ ಹೋಗುತ್ತದೆಂಬುದು ಊರ ಕಟ್ಟಳೆ. ಕೆಂಚವ್ವನಿಗೆ ಆ ಕೆಲಸವೇ ಬೇಕಿತ್ತು. ಅಪ್ಪನ ಜೊತೆ ಇಳಿದು ಕಲಿತೂ ಇದ್ದಳು. ಆದರೆ ಜೇನು ಕೀಳುವವನ ಹಗ್ಗವನ್ನು ಅವನೊಂದಿಗೇ ಹೂಳುವುದು ಅವರ ಪದ್ಧತಿ. ಹೊಸ ಹಗ್ಗ ಕೇಳಿದರೆ ಗೌಡ ಚಿಕ್ಕೀರಪ್ಪ, "ಹೆಣ್ಣಿಗೆ ಹಗ್ಗ ಯಾಕವ್ವ? ಗೋಣಿಮರಕ್ಕೆ ಬಟ್ಟೆ ಕಟ್ಟು. ಒಳ್ಳೆ ಗಂಡ ಸಿಗ್ತಾನೆ, ಅವನು ಇಳೀತಾನೆ" ಎಂದ. ಪಾಪ, ಕಟ್ಟಿದಳು. ತನ್ನ ಸೆರಗನ್ನೇ ಹರಿದು, ನಾನೇ ಇಳಿಯುವಂತಾಗಲಿ ಎಂದು ಕಟ್ಟಿದಳು. ಕಾದಳು. ಯುಗಾದಿಯ ಹಿಂದಿನ ದಿನವೂ ಬಂತು, ಅವಳು ಮರದಡಿ ಕೂತೇ ಇದ್ದಳು. ಬಂಡೆಯ ಕೆಳಗಿನಿಂದ ಜೇನಿನ ವಾಸನೆ, ತಲೆಯ ಮೇಲೆ ಊರವರ ಆಸೆಗಳ ಪಟಪಟ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ಇಷ್ಟು ಬಟ್ಟೆ ಇಟ್ಕೊಂಡು ಹಗ್ಗ ಇಲ್ಲ ಅಂತ ಕೂತಿದೀನಲ್ಲ, ಥೂ!" ಎಂದವಳೇ ಮರ ಹತ್ತಿ ಕಂಡ ಗಂಟನ್ನೆಲ್ಲ ಬಿಚ್ಚತೊಡಗಿದಳು.

ಊರಿಗೆ ಊರೇ ಏರಿ ಬಂತು. "ಲೇ, ಅದು ನನ್ನ ಮಗನ ಮದುವೆ ಹರಕೆ ಕಣೇ!" ಎಂದು ಗೌಡ ಅರಚಿದ. "ಹೆಣ್ಣು ನೋಡೋಕೆ ಒಂದಿನನಾದ್ರೂ ಹೊಸಿಲು ದಾಟಿದೀಯಾ ಗೌಡಪ್ಪ? ಮರ ಹೋಗಿ ಹೆಣ್ಣು ಕೇಳ್ತದಾ?" ಎಂದಳು ಕೆಂಚವ್ವ. ಹೆಂಗಸರು ಸೆರಗು ಕಚ್ಚಿ ನಕ್ಕರು. ಅವಳು ಬಟ್ಟೆಗಳನ್ನು ಮೂರೆಳೆಯಾಗಿ ಹೊಸೆದು ಒಂದು ತುದಿ ಮರಕ್ಕೆ ಬಿಗಿದಳು. ಇನ್ನೊಂದಕ್ಕೆ ಅಲ್ಲೇ ಮೇಯುತ್ತಿದ್ದ ಗೌಡನ ಎಮ್ಮೆಯನ್ನೇ ಕಟ್ಟಿ ಎಳೆಸಿ ನೋಡಿದಳು. ಎಮ್ಮೆ ಸೋತಿತು, ಹಗ್ಗ ಸೋಲಲಿಲ್ಲ. ಹೊಗೆಯಾಡುವ ಹುಲ್ಲಿನ ಸೂಡಿ ಹಿಡಿದು ಇಳಿದವಳು ಜೇನು ಕಚ್ಚಿ ಮುಖ ಕುಂಬಳಕಾಯಿಯಂತೆ ಊದಿಸಿಕೊಂಡು, ತುಂಬಿದ ಗಡಿಗೆಯೊಂದಿಗೆ ಮೇಲೆ ಬಂದಳು. "ನಮ್ಮ ಆಸೇನೆಲ್ಲ ಹಾಳು ಮಾಡಿದೆ" ಎಂದು ಗೌಡ ಗೊಣಗಿದ. "ಹಾಳೆಲ್ಲಿ ಬಂತು? ನಿಮ್ಮ ಆಸೆ ಇಲ್ದಿದ್ರೆ ಬಿದ್ದು ಸಾಯ್ತಿದ್ದೆ. ನೀವು ಕಟ್ಟಿ ಮನೆಗೆ ಹೋದ್ರಿ, ನಾನು ಹೊಸೆದೆ, ಅಷ್ಟೆ." ಹಕ್ಕು ಅವಳಲ್ಲೇ ಉಳಿಯಿತು. ಬೈಗುಳವಾಗಿ ಇಟ್ಟ ಬಿಚ್ಚವ್ವ ಎಂಬ ಹೆಸರು ಬಂಡೆಗೂ ನಿಂತಿತು.

ಕಲ್ಲಿನಂಚಿನಲ್ಲಿ ಹಗ್ಗ ಉಜ್ಜಿದ ಗೆರೆ ಈಗಲೂ ಕಾಣುತ್ತದೆ. ಹರಕೆ ಕಟ್ಟಿದವರು ಕೆಲಸಕ್ಕೆ ಕೈಹಾಕಿದ ದಿನ ಬಂದು ತಮ್ಮ ಗಂಟನ್ನು ತಾವೇ ಬಿಚ್ಚಬೇಕೆಂಬುದು ಅಂದಿನಿಂದ ಬಂದ ನಿಯಮ. ತಲೆ ಎತ್ತಿ ನೋಡಿದರೆ ಸಾಕು, ಎಷ್ಟು ಜನ ಬಂದಿಲ್ಲವೆಂದು ತಿಳಿಯುತ್ತದೆ: ಮಳೆಗೆ ಬಣ್ಣ ಹೋಗಿ, ಬಿಸಿಲಿಗೆ ಬಟ್ಟೆ ಪುಡಿಯಾಗಿ, ಎಷ್ಟೋ ಕೊಂಬೆಗಳಲ್ಲಿ ಗಂಟುಗಳಷ್ಟೇ ಉಳಿದಿವೆ.