ಚುಕ್ಕಿಗಳು ಒಂದೊಂದಾಗಿ ಬರುವುದೇಕೆ

ಲೋಕ ಆಗಷ್ಟೇ ಹುಟ್ಟಿ, ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಚುಕ್ಕಿಗಳು ಇಷ್ಟು ದೂರ ಇರಲಿಲ್ಲ, ಮಗು. ಹೊತ್ತು ಮುಳುಗಿತೆಂದರೆ ಎಲ್ಲವೂ ಒಟ್ಟಿಗೆ ಇಳಿದು ಬಂದು, ಗುಡ್ಡದ ಬಂಡೆಗಳ ಮೇಲೆ ಕೂತು ಗಾಳಿಯ ಜೊತೆ ಹರಟುತ್ತಿದ್ದವು.

ಆಮೇಲೆ ಮನುಷ್ಯರು ಬೆಂಕಿ ಹಚ್ಚುವುದನ್ನು ಕಲಿತರು. ತೋಳಗಳ ಭಯಕ್ಕೆ ಸಂಜೆಯಿಂದ ಬೆಳಗಿನವರೆಗೂ ಉರಿಸಿದರು. ಹೊಗೆ ಎದ್ದಿತು, ಕಿಡಿ ಹಾರಿತು, ಚುಕ್ಕಿಗಳ ಕಣ್ಣು ಉರಿಯಿತು. ಅವು ಹಿಂದೆ ಸರಿದವು. ಇನ್ನೂ ಹಿಂದೆ ಸರಿದವು. ಕೊನೆಗೆ ಎಲ್ಲಕ್ಕಿಂತ ಮೇಲೆ, ಕತ್ತಲೆಯ ಮಡಿಲಲ್ಲಿ ಅಡಗಿಕೊಂಡವು.

ಬೆಂಕಿಯ ಸುತ್ತ ಕೂತವರು ತಲೆಯೆತ್ತಿದರೆ ಬರೀ ಕಪ್ಪು. ಚುಕ್ಕಿಗಳು ಇದ್ದವೆಂಬುದನ್ನೇ ಅವರು ಮರೆತರು.

ಆ ಗುಡ್ಡದ ಕೆಳಗೆ ಸೋಬವ್ವ ಎಂಬ ಕುರಿ ಕಾಯುವ ಹೆಂಗಸಿದ್ದಳು. ಅವಳಿಗೆ ಹೂವಿ ಎಂಬ ಪುಟ್ಟ ಮಗಳು. ಒಂದು ಸಂಜೆ ಕುರಿಗಳೆಲ್ಲ ದೊಡ್ಡಿಗೆ ಬಂದವು, ಹೂವಿ ಬರಲಿಲ್ಲ.

ಹಟ್ಟಿಯ ಜನರೆಲ್ಲ ಪಂಜು ಹಿಡಿದು ಗುಡ್ಡ ಹತ್ತಿದರು. ಹೂವೀ ಎಂದು ಕೂಗಿದರು. ಒಬ್ಬರ ಕೂಗು ಇನ್ನೊಬ್ಬರ ಕೂಗನ್ನು ನುಂಗಿತು. ಪಂಜಿನ ಬೆಳಕಿನಲ್ಲಿ ಅವರವರ ಕಾಲು ಕಂಡವು, ಅದರಾಚೆ ಏನೂ ಕಾಣಲಿಲ್ಲ.

ಆಗ ಗಾಳಿ ಸೋಬವ್ವನ ಕಿವಿಯ ಹತ್ತಿರ ಬಂತು.

"ಪಂಜು ಆರಿಸು, ಸೋಬವ್ವ."

"ಆರಿಸಿದ ಮೇಲೆ ತೋಳ ಬಂದರೆ?"

"ಬಂದರೂ ಬರಬಹುದು. ಆದರೆ ಈ ಬೆಳಕು ನಿನ್ನ ಕಣ್ಣನ್ನೇ ಕಟ್ಟಿಹಾಕಿದೆ."

ಸೋಬವ್ವ ಪಂಜನ್ನು ಮಣ್ಣಿಗೆ ಒತ್ತಿ ಆರಿಸಿದಳು.

"ನಿನಗೆ ಬುದ್ಧಿ ನೆಟ್ಟಗಿದೆಯೇನವ್ವ? ಇರೋ ಬೆಳಕನ್ನೂ ಕಳೀತೀಯಲ್ಲ," ಎಂದ ಹಟ್ಟಿಯ ಹಿರಿಯ ಕೆಂಚ.

"ಬೆಳಕು ಹಿಡ್ಕೊಂಡು ಇಷ್ಟು ಹೊತ್ತು ಹುಡುಕಿದ್ವಲ್ಲ ಕೆಂಚಣ್ಣ, ಸಿಕ್ಕಳಾ? ನೀವೂ ಆರಿಸಿ. ನನ್ನ ಪಕ್ಕ ಬಂದು ಕೂತ್ಕೊಳ್ಳಿ."

ಕೆಂಚ ತನ್ನ ಪಂಜು ಆರಿಸಿದ. ಉಳಿದವರೂ ಆರಿಸಿದರು. ಕತ್ತಲೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಬಂಡೆಯ ಮೇಲೆ ಸುಮ್ಮನೆ ಕೂತರು.

ಗಾಳಿ ಮೇಲಕ್ಕೆ ಹೋಯಿತು. ತುಂಬ ಮೇಲಕ್ಕೆ.

"ಗುಡ್ಡದ ಮೇಲೆ ಬೆಂಕಿ ಆರಿದೆ. ಕೆಳಗೆ ಒಬ್ಬಳು ತಾಯಿ ಕಾಯುತ್ತಿದ್ದಾಳೆ, ಬನ್ನಿ," ಎಂದಿತು.

"ಅವರು ಮತ್ತೆ ಹಚ್ಚಿದರೆ?" ಎಂದಿತು ಒಂದು ಸಣ್ಣ ಚುಕ್ಕಿ.

"ಹಚ್ಚಿದರೆ ಓಡಿ ಬರೋಣ," ಎಂದಿತು ದೊಡ್ಡ ಚುಕ್ಕಿ. "ಮೊದಲು ನಾನು ಹೋಗ್ತೀನಿ. ನನಗೇನೂ ಆಗದಿದ್ರೆ ನೀನು ಬಾ."

ದೊಡ್ಡ ಚುಕ್ಕಿ ಕತ್ತಲೆಯ ಅಂಚಿನಿಂದ ಇಣುಕಿತು. ಏನೂ ಆಗಲಿಲ್ಲ. ಇನ್ನೊಂದು ಇಣುಕಿತು. ಅದರ ಹಿಂದೆ ಮತ್ತೊಂದು. ಧೈರ್ಯದವು ಮೊದಲು, ಅಂಜುಬುರುಕವು ಆಮೇಲೆ. ಕಡೆಗೆ ಆ ಸಣ್ಣ ಚುಕ್ಕಿಯೂ ಬಂತು. ಆಕಾಶ ತುಂಬಿಹೋಯಿತು.

ಬಂಡೆಯ ಮೇಲೆ ಕೆಂಚ ಬಾಯಿ ತೆರೆದುಕೊಂಡು ಮೇಲೆಯೇ ನೋಡುತ್ತಿದ್ದ. ಸೋಬವ್ವ ಮಾತ್ರ ಕೆಳಗೆ ನೋಡಿದಳು. ಚುಕ್ಕಿಗಳ ಮಂದ ಬೆಳಕಿನಲ್ಲಿ ಹಳ್ಳದ ಮರಳು ಬೆಳ್ಳಗೆ ಮಲಗಿತ್ತು. ಆ ಬಿಳುಪಿನ ನಡುವೆ ಒಂದು ಸಣ್ಣ ಕಪ್ಪು ಆಕಾರ ಇತ್ತು.

ಅವಳು ಓಡಿದಳು. ಮರಳಿನ ಮೇಲೆ ಹೂವಿ ಅಂಗಾತ ಮಲಗಿದ್ದಳು. ಕಾಲು ಉಳುಕಿತ್ತು, ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು.

"ಹೆದರಿಕೆ ಆಯ್ತಾ, ನನ್ನವ್ವ?"

"ಮೊದಲು ಆಯ್ತು. ಆಮೇಲೆ ಇವು ಬಂದ್ವು," ಎಂದು ಹೂವಿ ಮೇಲಕ್ಕೆ ಬೆರಳು ತೋರಿಸಿದಳು. "ಮನೆಗೆ ಹೋಗೋದು ಸ್ವಲ್ಪ ತಡ ಮಾಡೋಣ, ಅವ್ವ."

ಸೋಬವ್ವ ಮಗಳನ್ನು ಎದೆಗೊತ್ತಿಕೊಂಡು ಮರಳಿನ ಮೇಲೆಯೇ ಕೂತಳು. ಹಟ್ಟಿಯವರೂ ಬಂದು ಸುತ್ತ ಕೂತರು. ಮುಂದೆ ಪ್ರತಿ ಅಮಾವಾಸ್ಯೆಗೂ ಅವರು ಮಕ್ಕಳು ಮರಿಗಳ ಸಮೇತ ಅಲ್ಲಿಗೆ ಬರುತ್ತಿದ್ದರು.

ಅದಕ್ಕೇ ಮಗು, ಬೀದಿದೀಪಗಳ ಕೆಳಗೆ ಕಾಣದ ಚುಕ್ಕಿಗಳು, ಊರಾಚೆಯ ಈ ಮೈದಾನದಲ್ಲಿ ನಾವು ಆಕಾಶ ನೋಡಲು ದೂರದರ್ಶಕ ಇಟ್ಟು ಎಲ್ಲರ ಮೊಬೈಲ್ ದೀಪ ಆರಿಸಿದ ಮೇಲೂ ತಕ್ಷಣ ಕಾಣಿಸುವುದಿಲ್ಲ; ನೀನು ಸುಮ್ಮನೆ ಕೂತು ನೋಡುತ್ತಲೇ ಇದ್ದರೆ ಒಂದು ಬರುತ್ತದೆ, ಇನ್ನೊಂದು ಬರುತ್ತದೆ, ಎಲ್ಲಕ್ಕಿಂತ ಸಣ್ಣದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ.