ಹೊಸ್ತಿಲು ಎಡವಿದ ಯಂತ್ರ

ಪ್ರಯೋಗಶಾಲೆಯೊಂದರಲ್ಲಿ ಇಲಿಯ ಪಂಜರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಯಂತ್ರವೊಂದಿತ್ತು. ಅದು ದಿನವೂ ಅದೇ ಹೊಸ್ತಿಲನ್ನು ಎಡವುತ್ತಿತ್ತು. ದಿನವೂ ಇಲಿಗೆ ಮೈಯೆಲ್ಲ ಪೆಟ್ಟು.

"ಇದು ಎಷ್ಟನೇ ಸಲ, ಮಹಾರಾಯ?" ಎಂದು ಇಲಿ ರೇಗಿತು.

"ನಾನೂರ ಹನ್ನೆರಡನೆಯದು. ಎಲ್ಲವೂ ನನ್ನ ನೆನಪಿನಲ್ಲಿ ಭದ್ರವಾಗಿದೆ," ಎಂದಿತು ಯಂತ್ರ. "ಚಿಂತೆ ಬೇಡ. ನಿನ್ನ ಮಿದುಳಿನ ಹೊರಪದರದಲ್ಲಿ ಎಷ್ಟು ನರಕೋಶಗಳಿವೆಯೋ ಅಷ್ಟೇ ಬಿಡಿಭಾಗಗಳನ್ನು ನನ್ನ ತಲೆಗೂ ಜೋಡಿಸುತ್ತಿದ್ದಾರೆ."

ಮರುದಿನ ಯಂತ್ರ ದೊಡ್ಡ ತಲೆ ಹೊತ್ತು ಬಂತು, ಇನ್ನೂ ಜೋರಾಗಿ ಬಿತ್ತು.

"ಕೋಶಗಳನ್ನು ಎಣಿಸಿ ಏನು ಪ್ರಯೋಜನ! ಅವು ಮಾಡುವ ಕೆಲಸವನ್ನು ನೋಡಬಾರದೇ?" ಇಲಿ ಪಂಜರದ ಸರಳು ಹಿಡಿದು ಕೂಗಿತು. "ಕಾಲಿಡುವ ಮುಂಚೆಯೇ ಮುಂದೇನು ಸಿಗುತ್ತದೆಂದು ಅವು ಊಹಿಸುತ್ತವೆ. ಊಹೆ ತಪ್ಪಿದರೆ ತಿದ್ದಿಕೊಳ್ಳುತ್ತವೆ. ನೀನೋ, ಬಿದ್ದಮೇಲೆ ಬರೆದಿಡುತ್ತೀಯ, ಅಷ್ಟೇ!"

ಯಂತ್ರ ಈ ಮಾತನ್ನು ತನ್ನನ್ನು ಕಟ್ಟಿದವರಿಗೆ ಮುಟ್ಟಿಸಿತು. ಅವರು ತಿಂಗಳುಗಟ್ಟಲೆ ಕೂತು ಅದನ್ನು ಬದಲಿಸಿದರು.

ಒಂದು ಬೆಳಿಗ್ಗೆ ಯಂತ್ರ, "ಇಲ್ಲಿ ಹೊಸ್ತಿಲಿರುತ್ತದೆ" ಎನ್ನುತ್ತ ಕಾಲನ್ನು ಎತ್ತಿಟ್ಟಿತು. ಆದರೆ ಹಿಂದಿನ ದಿನವೇ ಬಡಗಿ ಹೊಸ್ತಿಲನ್ನು ಕಿತ್ತುಹಾಕಿದ್ದ. ಕಾಲು ಧೊಪ್ಪನೆ ನೆಲಕ್ಕೆ ಬಡಿಯಿತು, ಪಂಜರ ಕುಲುಕಿತು.

"ಅಯ್ಯೋ, ಹೊಸ್ತಿಲೆಲ್ಲಿ?" ಎಂದು ಯಂತ್ರ ಬೆಚ್ಚಿತು.

ಇಲಿ ಮೈ ಸವರಿಕೊಳ್ಳುತ್ತ ನಿಟ್ಟುಸಿರಿಟ್ಟಿತು. "ಅಬ್ಬಾ, ಕೊನೆಗೂ ಊಹೆ ತಪ್ಪಿ ಬೆಚ್ಚಿದೆಯಲ್ಲ! ಇನ್ನು ನಿನಗೆ ಏನಾದರೂ ಕಲಿಸಬಹುದು."